ನಲವತ್ತೆಂಟನೆಯದು

ಕಪನೂರಿನ ಬೇಳೆ ಮಿಲ್ಲಿನ ಸ್ಟೋರಿನಲ್ಲಿ
ನನ್ನ ಕುರ್ಚಿಗೆ ಒಂದು ಕಾಲು ಗಿಡ್ಡ.
ಅದರಡಿಗೆ ಶಹಾಬಾದ ಕಲ್ಲಿನ ಚೂರು ಕೊಟ್ಟಿದ್ದೇನೆ.
ಅದೊಂದು ಬಿಟ್ಟು ಇಲ್ಲಿರುವುದೆಲ್ಲ ಲೆಕ್ಕದಲ್ಲಿದೆ.

ಆ ದಿನ ಬಂದ ಪೆಟ್ಟಿಗೆಯ ಮೇಲೆ
ಹೆಸರಿರಲಿಲ್ಲ, ಬರೀ ನಂಬರು.
ಒಳಗೆ ಅಂಗೈಯಗಲದ ಉಕ್ಕಿನ ಪಟ್ಟಿ,
ಸತುವಿನ ಮಂಕು ಹೊಳಪು, ನಾಲ್ಕು ತೂತು:
ಈ ಚಾನಲ್ಲಿಗೆ ಎರಡು, ಬಾಜೂದ ಚಾನಲ್ಲಿಗೆ ಎರಡು.
‘ವಿವರ’ ಎಂಬ ಕಾಲಮ್ಮಿನಲ್ಲಿ ಏನು ಬರೆಯಲಿ?

“ಬಾಜೂಪಟ್ಟಿ ಅಂತ ಬರೀರಿ ಅಕ್ಕಾ,” ಅಂದ ಲಾಡ್ಲೇಸಾಬ,
ಹಲ್ಲಿನಲ್ಲಿ ಬೋಲ್ಟು ಕಚ್ಚಿಕೊಂಡೇ.
ಬರೆದೆ. ಬಾಜೂಪಟ್ಟಿ, ನಲವತ್ತೆಂಟು ನಗ.

ತಗಡಿನ ಮಾಡಿಗೆ ನಾಲ್ಕು ಮೊಳ ಕೆಳಗೆ
ಹೊಸ ಮೋಟಾರಿನ ಕೇಬಲ್ಲು ಹೊರಲು
ಚಾನಲ್ಲು ಹಾಯಿಸುತ್ತಿದ್ದರು, ಜೋಡಿ ಜೋಡಿ.
ಒಂಟಿಯಾದರೆ ನಡು ಬಾಗುತ್ತದಂತೆ.
ಮತ್ತೆ ಬೆಸೆದೇ ಬಿಡಬಾರದೇಕೆ, ಕೇಳಿದೆ.
“ಬೆಸದರ ಬಿಚ್ಚಾಕ ಬರಂಗಿಲ್ಲಲ್ರೀ.
ನಾಳಿ ಮಾಲಕರು ಮಷೀನ್ ಸರಸ್ರಿ ಅಂತಾರ.”

ಮೂರನೆಯ ದಿನ, ಕೊನೆಯ ಜೋಡಿಗೆ ಬಂದಾಗ,
ಒಂದು ಕಮ್ಮಿ.
ಮತ್ತೆ ಎಣಿಸಿದರೂ ನಲವತ್ತೇಳು.
ಗೋಣಿ ಝಾಡಿಸಿದೆವು,
ತೊಗರಿ ಹೊಟ್ಟಿನ ಗುಡ್ಡೆಗೆ ಮೊಳಕೈ ತನಕ ಕೈಯಿಳಿಸಿದೆವು.
ಆಮೇಲೆ, ಹೇಗೆ ಹೇಳಲಿ,
ಹೆಲ್ಪರ್ ಹುಡುಗ ದೇವಿಂದ್ರನ ಕಡೆ ನೋಡಿದೆ.
ಗುಜರಿಗೆ ಹಾಕಿದೆಯಾ ಎಂದು ಬಾಯಿಬಿಟ್ಟು ಕೇಳಲಿಲ್ಲ.
“ಕಿಸೆ ತೋರ್ಸು,” ಅಂದೆ.
ಕಿಸೆಯ ಒಳಮೈ ಹೊರಗೆಳೆದು ತೋರಿಸಿದ:
ಬಸ್ಸಿನ ಟಿಕೀಟು, ಹುಣಸೆ ಬೀಜ, ಐದಾರು ತೊಗರಿ ಕಾಳು.
ಆ ಕಾಳೂ ಮಿಲ್ಲಿನದೇ ಎಂದು
ಅವನೇ ನಾಚಿಕೊಂಡ.

ಕೊನೆಯ ಜೋಡಿಗೆ ಬೈಂಡಿಂಗ್ ತಂತಿ ಸುತ್ತಿದರು.
ಮಿಲ್ಲು ಶುರುವಾದರೆ ಸಾಕು,
ಆ ಎರಡು ಚಾನಲ್ಲು ತಾಕಿ, ಬಿಟ್ಟು, ಮತ್ತೆ ತಾಕಿ,
ಮಾತು ಬಿಟ್ಟ ವಾರಗಿತ್ತಿಯರು ಒಂದೇ ಅಡುಗೆಮನೆಯಲ್ಲಿ
ಪಾತ್ರೆ ಕುಕ್ಕಿದ ಹಾಗೆ.
ಹನ್ನೊಂದು ದಿನ ಕೇಳಿದೆ ಅದನ್ನು.
ಹನ್ನೊಂದು ದಿನವೂ ದೇವಿಂದ್ರ
ಸ್ಟೋರಿನ ಹೊಸ್ತಿಲ ಆಚೆಯೇ ನಿಂತು ಸಾಮಾನು ಕೇಳಿದ.

ಹನ್ನೆರಡನೆಯ ದಿನ ಕರೆಂಟು ಹೋಯಿತು.
ಮಿಲ್ಲು ನಿಂತಿತು, ಫ್ಯಾನು ನಿಂತಿತು,
ಏಪ್ರಿಲ್ ಮಾತ್ರ ನಿಲ್ಲಲಿಲ್ಲ.
ರಟ್ಟಿನ ಫೈಲು ಬೀಸಿಕೊಳ್ಳೋಣವೆಂದು
ಗೇಟ್ ಪಾಸುಗಳ ಮೇಲಿದ್ದ ಭಾರ ಎತ್ತಿದೆ.
ಕೈಗೆ ಬಿಸಿ ತಾಕಿತು.
ನಾಲ್ಕು ತೂತು.
ಒಂದರೊಳಗಿಂದ ನನ್ನದೇ ಸಹಿ
ನನ್ನನ್ನು ನೋಡುತ್ತಿತ್ತು.

ಸುಳ್ಳು ಹೇಳಲಾರೆ: ಮೊದಲು ನಡೆದದ್ದು
ಹೊಟ್ಟಿನ ಗುಡ್ಡೆಯ ಕಡೆಗೇ.
ಅಲ್ಲಿ ಬೀಳಿಸಿದರೆ ಯಾರಿಗೋ ಸಿಗುತ್ತದೆ,
ಸಿಕ್ಕಿತು ಸಿಕ್ಕಿತು ಎಂದು ಎಲ್ಲರೂ ನಗುತ್ತಾರೆ.
ಗುಡ್ಡೆಯ ನೆರಳಿನಲ್ಲಿ ದೇವಿಂದ್ರ ಮಲಗಿದ್ದ,
ಬಾಯಿ ತೆರೆದು, ರೆಪ್ಪೆಯ ಮೇಲೆ ಹೊಟ್ಟಿನ ಪುಡಿ.

ಎಬ್ಬಿಸಿದೆ.
“ನನ್ನ ಮೇಜಿನ ಮ್ಯಾಲೇ ಇತ್ತಪ್ಪಾ.”
ಪಟ್ಟಿಯನ್ನು ತಿರುಗಿಸಿ ನೋಡಿದ, ಅದಕ್ಕಂಟಿದ್ದ ಸೀಲಿನ ಶಾಯಿ
ಹೆಬ್ಬೆರಳಿನಿಂದ ಉಜ್ಜಿದ, ಹೋಗಲಿಲ್ಲ.
ಪಾನಾ ತೆಗೆದುಕೊಂಡ.
“ಲಾಡ್ಲೇಮಾಮಾ ಉಣ್ಣಾಕ ಹೋಗ್ಯಾನ್ರಿ. ನೀವ ಬರ್ರಿ, ಹಿಡೀರಿ.”

ಸೆರಗು ಸಿಕ್ಕಿಸಿ ಏಣಿ ಹತ್ತಿದೆ, ಐವತ್ತೊಂದನೆಯ ವಯಸ್ಸಿನಲ್ಲಿ.
ಎರಡು ಕೈಗೆ ಎರಡು ಚಾನಲ್ಲು,
ಆಗಷ್ಟೇ ಒಲೆಯಿಂದಿಳಿದ ಹಂಚಿನಂತೆ.
ತಂತಿ ಬಿಚ್ಚಿದ. ಸ್ಪ್ರಿಂಗಿನ ನಟ್ಟು ಗಾಡಿಯೊಳಗಿಟ್ಟು
ಕಾಲು ಸುತ್ತು ತಿರುಗಿಸಿದ, ಕಚ್ಚಿತು.
ಹೀಗೆ ನಾಲ್ಕು ಸಲ. ನನ್ನ ಕೈ ನಡುಗಿದಾಗಲೆಲ್ಲ
ಅವನು ಕಾದ.

ನಡುವೆ ಇನ್ನೂ ಬೆರಳಗಲ ಸಂದಿತ್ತು.
ಒತ್ತಿ ಕೂಡಿಸಲು ಹೋದೆ.
“ಇರ್ಲಿ ಬಿಡ್ರಿ,” ಅಂದ, “ಅಷ್ಟ ಅದ ಅದು.”

ಆಗ ಕರೆಂಟು ಬಂತು.
ಏಣಿಯ ಮೇಲಿನಿಂದ ಕಂಡಿತು,
ಸ್ಟೋರಿನ ಕಿಟಕಿಯೊಳಗೆ ಫ್ಯಾನು ತಿರುಗತೊಡಗಿ
ಗೇಟ್ ಪಾಸುಗಳು ಒಂದೊಂದಾಗಿ
ಮೇಜು ಬಿಟ್ಟು ಏಳುತ್ತಿದ್ದದ್ದು.